ಬದುವಿನ ಮಾತೇ ಬೇರೆ, ಸಭೆಯ ಮಾತೇ ಬೇರೆ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮುಂಗಾರಿನ ಒಂದು ಹದ ಮಳೆ ಬಿದ್ದರೆ ಸಾಕು, ಟ್ರ್ಯಾಕ್ಟರ್ ಹಿಂದೆಯೇ ಬದುವಿನ ತಕರಾರೂ ಹೊಲಕ್ಕೆ ಇಳಿಯುತ್ತದೆ. ಟ್ರ್ಯಾಕ್ಟರ್‌ನವನು ತಿರುವಿನಲ್ಲಿ ಒಂದು ಸಾಲು ಆಚೆ ಹೋಗಿರುತ್ತಾನೆ, ಬದು ಅರ್ಧ ಅಡಿ ಕರಗಿರುತ್ತದೆ, ಪಕ್ಕದ ಹೊಲದವರ ಕಣ್ಣಿಗೆ ಅದು ಬಿದ್ದಿರುತ್ತದೆ. ಆ ಅರ್ಧ ಅಡಿ ಮಣ್ಣು ಮೊದಲು ಬದುವಿನ ಮೇಲೆ ಕೂಗಾಟವಾಗುತ್ತದೆ. ರಾತ್ರಿ ಯಾರಾದರೂ ಹಿರಿಯರ ಜಗಲಿಯಲ್ಲಿ ತಗ್ಗಿದ ದನಿಯ ಮಾತಾಗುತ್ತದೆ. ಅಲ್ಲಿಗೂ ಬಗೆಹರಿಯದಿದ್ದರೆ ಕಡೂರು ಇಲ್ಲವೇ ತರೀಕೆರೆ ಕೋರ್ಟಿನಲ್ಲಿ ಕರಿ ಕೋಟಿನವರ ವಾದವಾಗುತ್ತದೆ. ವಿಷಯ ಒಂದೇ, ಮನುಷ್ಯರೂ ಅವರೇ. ಆದರೆ ಮೂರು ಕಡೆಯ ಮಾತಿಗೂ ಮೂರು ಬೇರೆ ಕಟ್ಟಳೆ. ಜಗಲಿಯಲ್ಲಿ ಕೂತು ವಕೀಲರ ಹಾಗೆ ಮಾತಾಡಿದವರು, ಗ್ರಾಮಸಭೆಯಲ್ಲಿ ಎದ್ದು ಬದುವಿನ ಮೇಲೆ ನಿಂತವರ ಹಾಗೆ ಕೂಗಿದವರು, ಕೋರ್ಟಿನಲ್ಲಿ ಜಗಲಿಯ ದಾಕ್ಷಿಣ್ಯ ತೋರಿಸಿದವರು, ಮೂವರೂ ಕಳೆದುಕೊಳ್ಳುತ್ತಾರೆ.

ಈ ಮೂರನ್ನು ಬೇರ್ಪಡಿಸಲು ದನಿ ನೋಡಿ ಪ್ರಯೋಜನವಿಲ್ಲ. ನಮ್ಮ ಬಯಲುಸೀಮೆಯಲ್ಲಿ ‘ಊಟ ಆಯ್ತಾ’ ಎಂದು ಕೇಳುವುದೇ ಎರಡು ಹೊಲ ದಾಟುವಷ್ಟು ಗಟ್ಟಿಯಾಗಿ. ಬಾಯಿ ತೆರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ತೀರ್ಮಾನ ಯಾರ ಕೈಯಲ್ಲಿದೆ? ಮಾತಾಡುತ್ತಿರುವವರ ಕೈಯಲ್ಲೇ ಇದ್ದರೆ ಅದು ಮಾತುಕತೆ. ಎದುರು ಕೂತ ಮೂರನೆಯವರ ಕೈಯಲ್ಲಿದ್ದರೆ, ಅವರು ಜಡ್ಜಾಗಲಿ, ಶಾಲೆಯ ತೀರ್ಪುಗಾರರಾಗಲಿ, ಮತ ಹಾಕುವ ಸಭೆಯಾಗಲಿ, ಅದು ವಾದ. ಯಾರ ಕೈಯಲ್ಲೂ ಇಲ್ಲದೆ ಬರೀ ಮೇಲುಗೈಗಾಗಿ ನಡೆಯುತ್ತಿದ್ದರೆ ವಾಗ್ವಾದ. ಮುಂದಿನದೆಲ್ಲ ಈ ಪ್ರಶ್ನೆಯ ವಿಸ್ತಾರವೇ.

ಮೂರನೇ ಮಾತಿನಲ್ಲಿ ಹಾದಿ ತಪ್ಪುವುದು

ಬದುವಿನ ಮೇಲಿನ ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“ಏನಣ್ಣ, ಬದು ಒಳಕ್ಕೆ ಹಾಕ್ಕೊಂಡಂಗೈತಲ್ಲ?”

“ಯಾರು ಹಾಕ್ಕೊಂಡಿದ್ದು? ಟ್ರ್ಯಾಕ್ಟರ್ ತಿರುಗೋಕೆ ಜಾಗ ಬ್ಯಾಡ್ವಾ?”

“ನಿಮ್ಮಪ್ಪನ ಕಾಲದಾಗೂ ಹಿಂಗೇ ಆಗಿದ್ದು.”

“ನಮ್ಮಪ್ಪನ ಸುದ್ದಿ ಯಾಕಯ್ಯ ಎತ್ತೀಯ? ನಿಮ್ಮಪ್ಪ ಬೋರ್ ಕೊರೆಸ್ವಾಗ ನಮ್ಮ ರಾಗಿ ಮ್ಯಾಲೇ ಲಾರಿ ಬಿಟ್ಟಿದ್ದು ಮರ್ತೋಯ್ತಾ?”

ಮೊದಲ ಮಾತು ಪ್ರಶ್ನೆ. ಸ್ವಲ್ಪ ಖಾರ ಇದೆ, ಇರಲಿ. ಎರಡನೆಯ ಮಾತು ಒರಟಾಗಿದ್ದರೂ ಅದರೊಳಗೆ ಒಂದು ನಿಜವಾದ ಕಾರಣ ಕೂತಿದೆ: ಎತ್ತು ಕಟ್ಟಿ ಉಳುತ್ತಿದ್ದಾಗ ಬೇಕಾಗದಿದ್ದ ತಿರುಗುವ ಜಾಗ ಈಗ ಬೇಕಾಗಿದೆ. ಆ ಎಳೆಯನ್ನು ಹಿಡಿದಿದ್ದರೆ ಅಲ್ಲೇ ಬಗೆಹರಿಯುತ್ತಿತ್ತು. “ಜಾಗ ಬೇಕು, ಸರಿ. ಎಷ್ಟು ಬೇಕು ನೋಡಾನ, ಬೆಳಗ್ಗೆ ಹಗ್ಗ ತಗೊಂಡು ಬತ್ತೀನಿ” ಅಂದಿದ್ದರೆ ಮಾತುಕತೆ. ಮೂರನೆಯ ಮಾತು ಬದುವನ್ನು ಬಿಟ್ಟು ಅಪ್ಪನ ಬಳಿಗೆ ಹೋಯಿತು. ಅಲ್ಲಿಂದ ಮುಂದೆ ಇಬ್ಬರೂ ಕಾಯುತ್ತಿರುವುದು ಮನೆತನದ ಮಾನವನ್ನು. ಅರ್ಧ ಅಡಿ ಬಿಟ್ಟುಕೊಡಬಹುದು, ಮಾನ ಬಿಟ್ಟುಕೊಡುವುದು ಹೇಗೆ?

ವಾಗ್ವಾದಕ್ಕೆ ಬಿದ್ದಿದ್ದೀರಿ ಎಂಬುದಕ್ಕೆ ಗುರುತುಗಳು ಹೆಚ್ಚೇನಿಲ್ಲ. ಸತ್ತವರ ಹೆಸರು ಬಂತೇ? ‘ಯಾವಾಗ್ಲೂ ನೀನು’, ‘ಒಂದಿನಾನಾದ್ರೂ ನೀನು’ ಎಂಬ ಮಾತು ಬಂತೇ? ದಾರಿಯಲ್ಲಿ ಹೋಗುತ್ತಿದ್ದವರು ಬೈಕ್ ನಿಲ್ಲಿಸಿದರೇ? ಈ ಕೊನೆಯದು ಬಹಳ ಮುಖ್ಯ. ನಾಲ್ಕು ಜನ ನಿಂತ ಕೂಡಲೇ ಇಬ್ಬರೂ ಒಬ್ಬರಿಗೊಬ್ಬರು ಹೇಳುವುದನ್ನು ಬಿಟ್ಟು ನಿಂತವರಿಗೆ ಹೇಳಲು ತೊಡಗುತ್ತಾರೆ. ನಿಂತವರಿಗೋ ತೀರ್ಮಾನ ಕೊಡುವ ಅಧಿಕಾರವೂ ಇಲ್ಲ, ಮನಸ್ಸೂ ಇಲ್ಲ. ಅವರಿಗೆ ಬೇಕಾದದ್ದು ಸಂಜೆ ಹೋಟೆಲಿನಲ್ಲಿ ಹೇಳಲು ಒಂದು ಸುದ್ದಿ.

ಇಂಥಲ್ಲಿ ‘ಸಮಾಧಾನ ಮಾಡ್ಕೊ’ ಎಂದು ಎದುರಿನವರಿಗೆ ಹೇಳಬೇಡಿ. ಆ ಮಾತಿನಿಂದ ಸಮಾಧಾನಗೊಂಡವರನ್ನು ನಾನಿನ್ನೂ ನೋಡಿಲ್ಲ. ಸುಮ್ಮನೆ ಎದ್ದು ನಡೆಯುವುದೂ ಸರಿಯಲ್ಲ, ಓಡಿಹೋದ ಎನ್ನುತ್ತಾರೆ. ದಿನ ಮತ್ತು ಹೊತ್ತು ಹೇಳಿ ಹೊರಡುವುದು ಸರಿಯಾದ ಕ್ರಮ: “ಇವತ್ತು ಬ್ಯಾಡಣ್ಣ. ಶುಕ್ರವಾರ ಬೆಳಗ್ಗೆ ಕಾಫಿ ಕುಡ್ಕೊಂಡು ನಾನೇ ಬತ್ತೀನಿ.” ಬೆಳಗಿನ ಹೊತ್ತೇ ಆಗಲಿ. ಹೊತ್ತು ಮುಳುಗಿದ ಮೇಲೆ ಬದುವಿನ ವಿಚಾರ ಎತ್ತಬಾರದೆಂಬುದು ನಮ್ಮ ಊರುಗಳಲ್ಲಿ ಹಿರಿಯರು ಅನುಭವದಿಂದ ಕಂಡುಕೊಂಡ ಸಂಗತಿ, ಕಾರಣ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು: ಶುಕ್ರವಾರದವರೆಗೆ ಮಕ್ಕಳ ಬಾಯಲ್ಲಿ, ಸೊಸೆಯ ಬಾಯಲ್ಲಿ ಸಂದೇಶ ಕಳಿಸಬೇಡಿ. ಮಾತು ಕೈ ಬದಲಾದಷ್ಟೂ ಅದಕ್ಕೆ ಖಾರ ಸೇರುತ್ತದೆ.

ಅಳೆಯುವುದನ್ನು ಅಳೆಯಿರಿ

ಗಡಿ ಎಲ್ಲಿದೆ ಎಂಬುದು ಅಭಿಪ್ರಾಯದ ವಿಷಯವಲ್ಲ. ಅದಕ್ಕೆ ಮಾತೇ ಬೇಡ, ಸರಪಳಿ ಬೇಕು. ನಾಡಕಚೇರಿಯಲ್ಲಿ ಪಹಣಿ ಇಟ್ಟು ಶುಲ್ಕ ಕಟ್ಟಿ ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ ಅದು ಮೋಜಿಣಿ ತಂತ್ರಾಂಶದಲ್ಲಿ ಸರದಿಗೆ ಸೇರುತ್ತದೆ. ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಕೊಟ್ಟು, ಹಳೆಯ ಟಿಪ್ಪಣಿ ಹಿಡಿದು ಅಳತೆ ಮಾಡಿ ಗಡಿ ಗುರುತಿಸುತ್ತಾರೆ. ದಾರಿಯ ತಕರಾರಾದರೆ ಮೊದಲು ಗ್ರಾಮ ನಕಾಶೆ ತೆಗೆಸಿ. ನಕಾಶೆ ಕಂಡ ದಾರಿ ಇದ್ದರೆ ಅದನ್ನು ಮುಚ್ಚುವ ಹಕ್ಕು ಯಾರಿಗೂ ಇಲ್ಲ, ತಹಶೀಲ್ದಾರರಿಗೆ ಅರ್ಜಿ ಹಾಕಬಹುದು. ನಕಾಶೆಯಲ್ಲಿ ಇಲ್ಲದೆ ರೂಢಿಯಿಂದ ಓಡಾಡುವ ದಾರಿಯಾದರೆ ಪ್ರಶ್ನೆ ಬೇರೆ. ಅಲ್ಲಿ ಅನುಭೋಗದ ಹಕ್ಕಿನ 1882ರ ಕಾಯಿದೆ ಬರುತ್ತದೆ, ಇಪ್ಪತ್ತು ವರ್ಷ ತಡೆಯಿಲ್ಲದೆ, ಹಕ್ಕಿನಿಂದಲೇ ಓಡಾಡಿದ್ದೇವೆಂದು ರುಜುವಾತು ಮಾಡಬೇಕಾಗುತ್ತದೆ.

ಅಳತೆಗೆ ಮುಂಚೆ ಇಬ್ಬರೂ ಒಂದು ಮಾತಿಗೆ ಒಪ್ಪಿಕೊಳ್ಳುವುದು ಅಳತೆಗಿಂತ ಮುಖ್ಯ: ಕಲ್ಲು ಎಲ್ಲಿ ಬಿದ್ದರೂ ಅಲ್ಲೇ ಬದು. ಈ ಮಾತಿಲ್ಲದೆ ಅಳೆಸಿದ ಎಷ್ಟೋ ಕಡೆ ರಾತ್ರೋರಾತ್ರಿ ಬಾಂದುಕಲ್ಲು ಕಿತ್ತುಹೋಗಿದೆ. ಸರ್ವೆ ಗಡಿಯನ್ನು ತೋರಿಸುತ್ತದೆ. ಟ್ರ್ಯಾಕ್ಟರ್ ತಿರುಗಲು ಜಾಗ ಎಲ್ಲಿ ಬಿಡೋಣ ಎಂಬುದನ್ನು ತೋರಿಸುವುದಿಲ್ಲ. ಅದು ಮಾತುಕತೆಯ ಪಾಲು.

ಜಗಲಿಯ ಕಟ್ಟಳೆ

ಮಾತುಕತೆಯಲ್ಲಿ ಗೆಲ್ಲುವವರಿಲ್ಲ, ಹಾಗಾಗಿ ಜಾಣತನಕ್ಕೆ ಅಂಕವೂ ಇಲ್ಲ. ಅಲ್ಲಿ ಕೂತವರಿಗೆ ಎರಡು ಅರ್ಹತೆ ಬೇಕು: ತೀರ್ಮಾನ ಮಾಡುವ ಅಧಿಕಾರ, ತಾನು ಹಿಡಿದದ್ದನ್ನು ಸ್ವಲ್ಪ ಸಡಿಲಿಸುವ ಮನಸ್ಸು. ‘ನಮ್ಮಣ್ಣನ್ನ ಕೇಳಿ ಹೇಳ್ತೀನಿ’ ಎನ್ನುವವರ ಜೊತೆ ಎಷ್ಟು ಹೊತ್ತು ಕೂತರೂ ಕಾಫಿ ಖರ್ಚು ಮಾತ್ರ.

ನಮ್ಮ ಸುತ್ತಿನಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆ ಇದೆ. ಭದ್ರಾ ಅಭಯಾರಣ್ಯ 1974ರಲ್ಲಿ ಘೋಷಣೆಯಾದಾಗ ಒಳಗಿನ ಊರುಗಳನ್ನು ಹೊರಗೆ ತರುವ ಮಾತು ಹುಟ್ಟಿಕೊಂಡಿತು. ಕಾಡಿನ ಜನಕ್ಕೆ ಆನೆ ಹುಲಿ ಕಾಟ, ಮಳೆಗಾಲದಲ್ಲಿ ದಾರಿ ಇಲ್ಲ, ಶಾಲೆ ಆಸ್ಪತ್ರೆ ದೂರ. ಆದರೂ ಹೊರಡಿ ಎಂದರೆ ಹೊರಡುವುದು ಎಲ್ಲಿಗೆ? ಮಾತು ಕಾಲು ಶತಮಾನ ಎಳೆಯಿತು. 1998ರಲ್ಲಿ ಅಭಯಾರಣ್ಯ ಹುಲಿ ಯೋಜನೆಗೆ ಸೇರಿತು. ಕೊನೆಗೆ 2001–02ರ ಹೊತ್ತಿಗೆ ಹನ್ನೊಂದು ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ತರೀಕೆರೆ ಹತ್ತಿರದ ಎಂ.ಸಿ. ಹಳ್ಳಿಗೆ ಮತ್ತು ಕೆಳಗೂರಿಗೆ ಬಂದು ನೆಲೆಸಿದವು. ಎಂ.ಸಿ. ಹಳ್ಳಿಯಲ್ಲಿ ಸಿಕ್ಕಿದ್ದು ನೀರಾವರಿ ಜಮೀನು. ಸಂಶೋಧಕಿ ಕೃತಿ ಕಾರಂತ ಅವರು ಈ ಕುಟುಂಬಗಳನ್ನು ಮಾತಾಡಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ದೇಶದ ಇಂಥ ಸ್ಥಳಾಂತರಗಳ ನಡುವೆ ಬಹುಮಟ್ಟಿಗೆ ಕೈಗೂಡಿದ್ದೆಂದು ಕಂಡಿತು. ಎಲ್ಲರೂ ಸಂತೋಷವಾಗಿದ್ದಾರೆ ಎಂದು ಯಾರೂ ಹೇಳುವುದಿಲ್ಲ; ಹುಟ್ಟಿದ ಊರಿನ ಗುಡಿ, ಅಡಿಕೆ ಮರ ಬಿಟ್ಟು ಬಂದವರಿಗೆ ಆ ನೋವು ಇದ್ದೇ ಇರುತ್ತದೆ.

ಗಮನಿಸಬೇಕಾದ್ದು ಒಂದಿದೆ. ಆ ಇಪ್ಪತ್ತೈದು ವರ್ಷದಲ್ಲಿ ‘ಕಾಡು ಮುಖ್ಯವೋ ಜನ ಮುಖ್ಯವೋ’ ಎಂಬ ವಾದ ಬೇಕಾದಷ್ಟು ನಡೆದಿರಬೇಕು. ಅಂಥ ವಾದದಲ್ಲಿ ಯಾರು ಗೆದ್ದರೂ ಒಂದು ಕುಟುಂಬವೂ ಗಾಡಿ ಹತ್ತುವುದಿಲ್ಲ. ಗಾಡಿ ಹತ್ತುವುದು ‘ಎಷ್ಟು ಎಕರೆ, ಯಾವ ನಾಲೆಯ ನೀರು, ಮನೆ ಎಲ್ಲಿ, ಹಕ್ಕುಪತ್ರ ಯಾವಾಗ’ ಎಂಬ ಮಾತು ಮುಗಿದ ಮೇಲೆ. ನಿಮ್ಮ ಮನೆಯ ಮಾತುಕತೆ ಮುಂದೆ ಹೋಗುತ್ತಿಲ್ಲವೆಂದರೆ ಅದನ್ನು ತತ್ವದಿಂದ ಇಳಿಸಿ ಅಡಿ, ಗುಂಟೆ, ತಾರೀಕುಗಳಿಗೆ ತನ್ನಿ.

ಮನೆಯ ಮಾತು ಬಂತಲ್ಲ, ಪಾಲಿನ ವಿಚಾರವನ್ನು ಹೇಳಿಬಿಡುತ್ತೇನೆ. ನಮ್ಮಲ್ಲಿ ಅಣ್ಣತಮ್ಮಂದಿರು, ಊರ ಹಿರಿಯರು, ಸೋದರಮಾವ ಕೂತು ಹಂಚಿಕೆ ಮಾಡಿ, ಕೊನೆಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೊರಡುವ ದಿನ ಅಕ್ಕತಂಗಿಯರಿಗೆ ಫೋನ್ ಮಾಡುತ್ತಾರೆ: “ಒಂದು ಸಹಿ ಐತೆ, ಬಂದೋಗವ್ವ.” ಇದಕ್ಕೆ ಮಾತುಕತೆ ಎಂದು ಹೆಸರಿಟ್ಟುಕೊಂಡರೂ ಅದು ಮಾತುಕತೆ ಆಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ. ಕರ್ನಾಟಕ ಅದಕ್ಕೂ ಮೊದಲೇ, 1994ರಲ್ಲಿ ಜಾರಿಗೆ ಬಂದ ತನ್ನದೇ ತಿದ್ದುಪಡಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಇದನ್ನು ಕೊಟ್ಟಿತ್ತು. ತಂದೆ 2005ಕ್ಕೆ ಮುಂಚೆ ತೀರಿಕೊಂಡಿದ್ದರೆ ಏನು ಎಂಬ ಗೊಂದಲವನ್ನೂ ಸುಪ್ರೀಂ ಕೋರ್ಟ್ 2020ರಲ್ಲಿ ಬಗೆಹರಿಸಿದೆ. ತಂದೆ ಬದುಕಿದ್ದಿರಬೇಕೆಂಬ ಷರತ್ತಿಲ್ಲ. ತೀರ್ಮಾನ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಇಲ್ಲಿ ಪ್ರಾಮಾಣಿಕವಾಗಿ ಕೇಳಿಕೊಂಡರೆ ಜಗಲಿಯ ಮೇಲೆ ಇನ್ನೂ ಎರಡು ಚಾಪೆ ಹಾಸಬೇಕಾಗುತ್ತದೆ. ಅಕ್ಕ ತನ್ನ ಪಾಲು ಬಿಡುವುದಾದರೂ ಸರಿ, ಅವಳು ಬಂದು ಕೂತು, ಕೇಳಿ, ತಾನೇ ಹೇಳಿ ಬಿಡಲಿ. ಮೊದಲ ದಿನ ಕರೆಯದೆ ಕೊನೆಯ ದಿನ ಕರೆದ ಮನೆಗಳ ಹಕ್ಕು ಬಿಡುಗಡೆ ಪತ್ರಗಳೇ ಹತ್ತು ವರ್ಷದ ನಂತರ ಕೋರ್ಟಿನಲ್ಲಿ ದಾವೆಯಾಗಿ ತಿರುಗಿ ಬರುವುದು.

ಕೂತ ಮೇಲೆ ಮಾಡಬೇಕಾದ್ದು ಸರಳ, ಆದರೆ ಯಾರೂ ಮಾಡುವುದಿಲ್ಲ. ನಿಮ್ಮ ಮಾತಿಗೆ ಮುಂಚೆ ಎದುರಿನವರ ಮಾತನ್ನು ನಿಮ್ಮ ಬಾಯಲ್ಲಿ ಒಮ್ಮೆ ಹೇಳಿ: “ನೀನು ಹೇಳೋದು ತೋಟದ ಪಾಲು ನನಗೆ ಬಂದ್ರೆ ಬೋರ್‌ವೆಲ್ ಸಾಲಾನೂ ನನಗೇ ಬರಬೇಕು ಅಂತ, ಹೌದಾ?” ಅವರು ‘ಹೂಂ’ ಅನ್ನುವವರೆಗೆ ಮುಂದೆ ಹೋಗಬೇಡಿ. ಅರ್ಧ ತಕರಾರು ಇಲ್ಲೇ ಕಳಚುತ್ತದೆ, ಏಕೆಂದರೆ ಅವರು ಹೇಳಿದ್ದೇ ಬೇರೆ, ನೀವು ಕೇಳಿಸಿಕೊಂಡದ್ದೇ ಬೇರೆ ಆಗಿರುತ್ತದೆ. ಒಪ್ಪಿಕೊಂಡದ್ದನ್ನು ಅಲ್ಲೇ, ಅದೇ ಹೊತ್ತಿನಲ್ಲಿ ಬಿಳಿ ಹಾಳೆಯ ಮೇಲೆ ಬರೆದಿಡಿ. ಪಂಚಾಯ್ತಿ ಪಾರಿಖತ್ತಿನಂಥ ಕಾಗದಕ್ಕೆ ನೋಂದಣಿ ಬೇಕೋ ಬೇಡವೋ ಎಂಬುದನ್ನು ವಕೀಲರನ್ನು ಕೇಳಿ ಮುಂದುವರಿಯಿರಿ. ಆದರೆ ಬರೆಯುವ ಕೆಲಸ ನಾಳೆಗೆ ಬೇಡ.

ಇನ್ನೊಂದು ಎಚ್ಚರಿಕೆ ಓದಿದವರಿಗೆ. ‘ಆನಂದ’ ಎಂಬ ಕಾವ್ಯನಾಮದಲ್ಲಿ ಬರೆದ ಅಜ್ಜಂಪುರ ಸೀತಾರಾಂ ಅವರ ‘ನಾನು ಕೊಂದ ಹುಡುಗಿ’ ಕತೆಯನ್ನು ಬಹಳ ಜನ ಓದಿರುತ್ತೀರಿ. ಊರಿಗೆ ಬಂದ ವಿದ್ಯಾವಂತನೊಬ್ಬ, ದೇವರಿಗೆ ಬಿಟ್ಟ ಹುಡುಗಿಗೆ ಅವಳು ನಂಬಿದ್ದು ತಪ್ಪೆಂದು ತಿಳಿಹೇಳುತ್ತಾನೆ. ಅವನ ತರ್ಕ ಸರಿ, ಉದ್ದೇಶವೂ ಒಳ್ಳೆಯದು. ಅವಳು ಪ್ರಾಣ ಕಳೆದುಕೊಳ್ಳುತ್ತಾಳೆ. ಅವನು ಮಾತುಕತೆ ಅಂದುಕೊಂಡದ್ದು ಅವಳ ಪಾಲಿಗೆ ತೀರ್ಪಾಗಿತ್ತು. ಮೇಷ್ಟ್ರು, ಡಾಕ್ಟರು, ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಗ, ಇಂಥವರು ಊರಿನವರ ಜೊತೆ ಕೂತಾಗ ಬಾಯಿಯ ಬಲ ಎರಡೂ ಕಡೆ ಸಮವಾಗಿರುವುದಿಲ್ಲ. ಬಲ ಹೆಚ್ಚಿರುವವರು ಹೇಳುವುದಕ್ಕಿಂತ ಕೇಳುವುದು ಹೆಚ್ಚಾಗಬೇಕು, ಹೇಳಿದ್ದರ ಮಾರನೆಯ ದಿನ ಏನಾಗುತ್ತದೆ ಎಂಬುದನ್ನೂ ಲೆಕ್ಕ ಹಾಕಬೇಕು.

ಮೂರನೆಯವರ ಮುಂದೆ

ವಾದ ಎಂದರೆ ಮೊದಲು ನೆನಪಾಗುವುದು ಶಾಲೆಯ ಚರ್ಚಾಸ್ಪರ್ಧೆ. ಹೆಸರಿನಲ್ಲಿ ಚರ್ಚೆ ಇದ್ದರೂ ಅದು ಶುದ್ಧ ವಾದ: ಪರ ಒಬ್ಬ, ವಿರೋಧ ಒಬ್ಬ, ತೀರ್ಪುಗಾರರು ಮೂವರು, ಗಂಟೆ ಹೊಡೆಯಲು ಒಬ್ಬರು. ಅಲ್ಲಿ ಮನಸ್ಸು ಬದಲಿಸಿದರೆ ಸೋಲು. ಮಕ್ಕಳಿಗೆ ಹೇಳಿಕೊಡುವ ಮೇಷ್ಟ್ರುಗಳಲ್ಲಿ ಒಂದೇ ವಿನಂತಿ: ಭಾಷಣ ಬರೆದುಕೊಟ್ಟು ಬಾಯಿಪಾಠ ಮಾಡಿಸಬೇಡಿ, ಎರಡೂ ಪಕ್ಷ ತಯಾರು ಮಾಡಿಸಿ. ಎದುರಾಳಿಯ ಅತಿ ಗಟ್ಟಿ ಮಾತು ಯಾವುದೆಂದು ಗೊತ್ತಿಲ್ಲದ ಹುಡುಗಿ ಎಷ್ಟು ಕೈ ಬೀಸಿದರೂ ಎರಡನೇ ಸುತ್ತಿನಲ್ಲಿ ತಡವರಿಸುತ್ತಾಳೆ. ಕರಾವಳಿ, ಮಲೆನಾಡಿನ ತಾಳಮದ್ದಳೆಯಲ್ಲಿ ಇದು ನುರಿತ ಕಲೆ. ‘ವಾಲಿ ಮೋಕ್ಷ’ದಲ್ಲಿ ಬಾಣ ತಿಂದು ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವಾಗ ಒಳ್ಳೆಯ ಅರ್ಥಧಾರಿಯ ಬಾಯಲ್ಲಿ ರಾಮನ ಪಕ್ಷವೇ ಅಲುಗಾಡುತ್ತದೆ. ಅದೇ ಅರ್ಥಧಾರಿ ಇನ್ನೊಂದು ದಿನ ರಾಮನಾಗಿ ಕೂತು ಅಷ್ಟೇ ಗಟ್ಟಿಯಾಗಿ ಉತ್ತರಿಸಬಲ್ಲ.

ವಾದದ ಕಟ್ಟಳೆಯನ್ನು ನಮ್ಮ ಹಿಂದಿನವರು ಬಹಳ ಸೂಕ್ಷ್ಮವಾಗಿ ವಿಂಗಡಿಸಿಟ್ಟಿದ್ದಾರೆ. ಗೌತಮನ ನ್ಯಾಯಸೂತ್ರದಲ್ಲಿ ಮೂರು ಬಗೆ: ನಿಜ ತಿಳಿಯಲು ನಡೆಸುವ ವಾದ, ಹೇಗಾದರೂ ಗೆಲ್ಲಲು ನಡೆಸುವ ಜಲ್ಪ, ತನ್ನದೇನನ್ನೂ ಹೇಳದೆ ಎದುರಿನದನ್ನು ಬೀಳಿಸುವುದಷ್ಟನ್ನೇ ಮಾಡುವ ವಿತಂಡ. ಸಂಜೆ ಟಿವಿ ಹಾಕಿದರೆ ಮೂರನೆಯದಕ್ಕೆ ಉದಾಹರಣೆ ಹುಡುಕಬೇಕಿಲ್ಲ. ಎದುರಿಗಿರುವುದು ವಿತಂಡವೇ ಎಂದು ತಿಳಿಯಲು ಸುಲಭ ಉಪಾಯವಿದೆ: “ಸರಿ ಗೌಡ್ರೆ, ಹಂಗಾರೆ ಏನು ಮಾಡಾನ, ನೀವೇ ಹೇಳಿ” ಎಂದು ಕೇಳಿ. ಉತ್ತರ ಬಂದರೆ ಮುಂದುವರಿಯಿರಿ. ಮತ್ತೊಂದು ತಪ್ಪು ಹುಡುಕಿದರೆ ಟವೆಲ್ ಕೊಡವಿ ಎದ್ದೇಳಿ.

ಇದಕ್ಕಿಂತ ಉಪಯೋಗಕ್ಕೆ ಬರುವ ಮಾತು ಚರಕಸಂಹಿತೆಯಲ್ಲಿದೆ. ವೈದ್ಯರ ನಡುವಿನ ಮಾತನ್ನು ಅದು ಸ್ನೇಹದಿಂದ ಆಡುವ ಸಂಧಾಯ ಸಂಭಾಷೆ, ಎದುರಾಳಿಗಳಾಗಿ ಆಡುವ ವಿಗೃಹ್ಯ ಸಂಭಾಷೆ ಎಂದು ಎರಡಾಗಿಸುತ್ತದೆ. ಎರಡನೆಯದಕ್ಕೆ ಇಳಿಯುವ ಮೊದಲು ಎದುರಾಳಿಯನ್ನಷ್ಟೇ ಅಳೆದರೆ ಸಾಲದು, ಸಭೆಯನ್ನೂ ಅಳೆಯಬೇಕು ಎನ್ನುತ್ತದೆ: ತಿಳಿದವರ ಸಭೆಯೇ, ತಿಳಿಯದವರದೇ, ನಿನ್ನ ಕಡೆಗಿದೆಯೇ, ತಟಸ್ಥವೇ, ಮೊದಲೇ ಎದುರು ನಿಂತಿದೆಯೇ. ಮೊದಲೇ ಎದುರು ನಿಂತ ಸಭೆಯಲ್ಲಿ ಯಾರ ಜೊತೆಗೂ ವಾದವೇ ಬೇಡ ಎಂಬುದು ಚರಕನ ಸಲಹೆ. ಬೀಗರ ಮನೆಯ ಮದುವೆ ಊಟದಲ್ಲಿ ರಾಜಕೀಯ ಎತ್ತುವವರಿಗೆ ಇದನ್ನು ಓದಿ ಹೇಳಬೇಕು. ಅದರಲ್ಲೂ ಕಡೂರಿನವರು ಹಾಸನ ಲೋಕಸಭಾ ಕ್ಷೇತ್ರಕ್ಕೆ, ಪಕ್ಕದ ತರೀಕೆರೆಯವರು ಉಡುಪಿ–ಚಿಕ್ಕಮಗಳೂರು ಕ್ಷೇತ್ರಕ್ಕೆ ಮತ ಹಾಕುವವರು. ಬೀಗರ ನಡುವೆ ಅಭ್ಯರ್ಥಿಯೇ ಬೇರೆ, ಆದರೂ ಜಗಳ ತಪ್ಪುವುದಿಲ್ಲ.

ವಾದದಲ್ಲಿ ನೆನಪಿಡಬೇಕಾದ ಮೊದಲ ಸಂಗತಿ, ಎದುರಾಳಿಯನ್ನು ಒಪ್ಪಿಸುವುದು ನಿಮ್ಮ ಕೆಲಸವಲ್ಲ. ಅವರು ಒಪ್ಪುವುದೂ ಇಲ್ಲ. ತೀರ್ಮಾನ ಕೊಡುವವರ ಕಡೆ ಮುಖ ಮಾಡಿ, ಅವರಿಗೆ ಗೊತ್ತಾಗುವ ಹಾಗೆ ಹೇಳಿ. ಎರಡೋ ಮೂರೋ ಅಂಶ ಸಾಕು, ಪ್ರತಿಯೊಂದಕ್ಕೂ ಕೈಯಲ್ಲಿ ಕಾಗದ ಇರಲಿ. ಹತ್ತು ಅಂಶ ಹೇಳಿದರೆ ಎದುರಿನವರು ಅದರಲ್ಲಿ ಪೊಳ್ಳಾದ ಒಂದನ್ನು ಹಿಡಿದು ಜಗ್ಗುತ್ತಾರೆ, ಉಳಿದ ಒಂಬತ್ತೂ ಅದರ ಜೊತೆ ಬೀಳುತ್ತವೆ.

ಗ್ರಾಮಸಭೆಯಲ್ಲಿ ನಾವು ಮಾಡುವ ತಪ್ಪು

ಮೈಸೂರು ಸಂಸ್ಥಾನದ ಕಾಲದಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರು. ದಿವಾನ್ ರಂಗಾಚಾರ್ಲು 1881ರಲ್ಲಿ ದಸರಾ ಹೊತ್ತಿಗೆ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಶುರುಮಾಡಿದಾಗ ಸಂಸ್ಥಾನದ ಉಳಿದ ಜಿಲ್ಲೆಗಳ ಹಾಗೆ ಕಡೂರು ಜಿಲ್ಲೆಯ ರೈತರು, ವರ್ತಕರೂ ಅಲ್ಲಿಗೆ ಹೋದರು. ಮೊದಲ ಸಭೆಗೆ 144 ಸದಸ್ಯರು. ದಿವಾನರು ವರ್ಷದ ಆಡಳಿತದ ವರದಿ ಓದುವುದು, ಪ್ರತಿನಿಧಿಗಳು ಕೆರೆ, ಕಂದಾಯ, ರಸ್ತೆಯ ಕಷ್ಟ ಹೇಳಿಕೊಳ್ಳುವುದು. ಮತ ಹಾಕಿ ನಿರ್ಧರಿಸುವ ಅಧಿಕಾರ ಸಭೆಗಿರಲಿಲ್ಲ. ಅದಕ್ಕೆ ಶಾಸನದ ಬಲ ಬಂದದ್ದೇ 1923ರಲ್ಲಿ. ಅಂದರೆ ಅಲ್ಲಿ ನಡೆದದ್ದು ವಾದವೂ ಅಲ್ಲ, ಮಾತುಕತೆಯೂ ಅಲ್ಲ, ಅಹವಾಲು. ತೀರ್ಮಾನ ದಿವಾನರದು. ಆ ಕಾಲಕ್ಕೆ ಅದೇ ದೊಡ್ಡ ಹೆಜ್ಜೆಯಾಗಿತ್ತು ಎಂಬುದೂ ನಿಜ.

ಈಗಿನ ಗ್ರಾಮಸಭೆ ಹಾಗಲ್ಲ. 1993ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಊರಿನ ಮತದಾರರೆಲ್ಲ ಅದರ ಸದಸ್ಯರು. ಮನೆಯ ಫಲಾನುಭವಿ ಯಾರು, ಯಾವ ಕೆಲಸ ಮೊದಲು ಎಂಬುದನ್ನು ಅಲ್ಲಿ ಕೂತವರೇ ಆರಿಸಬೇಕು. ತೀರ್ಮಾನ ನಮ್ಮ ಕೈಗೆ ಬಂದು ಮೂವತ್ತು ವರ್ಷ ಕಳೆದರೂ ನಾವು ಮಾತಾಡುವುದು ಮಾತ್ರ ದಿವಾನರ ಮುಂದೆ ನಿಂತ ಹಾಗೆ: “ಸಾರ್, ನಮ್ಮ ಬೀದಿಗೆ ನೀರು ಬತ್ತಿಲ್ಲ, ಏನಾರ ಮಾಡಿ.” ಪಿಡಿಒ ‘ನೋಡೋಣ’ ಎನ್ನುತ್ತಾರೆ. ಇಲ್ಲವಾದರೆ ಪೂರ್ತಿ ಇನ್ನೊಂದು ತುದಿಗೆ ವಾಲಿ ಕೂಗಾಟ, ಮೈಕು ಕಿತ್ತುಕೊಳ್ಳುವುದು, ಸಭೆ ಮುಂದೂಡಿಕೆ. ಕೂಗಾಟ ನಡೆದ ಸಭೆಯಿಂದ ಲಾಭವಾಗುವುದು ಸಭೆಯೇ ಬೇಡವಾಗಿದ್ದವರಿಗೆ.

ಗ್ರಾಮಸಭೆಯಲ್ಲಿ ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆಯದಿದ್ದರೆ ಹೇಳಿದ ಹಾಗೇ ಅಲ್ಲ. ಆದ್ದರಿಂದ ಬೇಡಿಕೆಯನ್ನು ಠರಾವಿನ ರೂಪದಲ್ಲೇ ಬರೆದುಕೊಂಡು ಹೋಗಿ: ಯಾವ ಕೆಲಸ, ಯಾವ ಜಾಗದಿಂದ ಯಾವ ಜಾಗದವರೆಗೆ, ಯಾವ ಅನುದಾನದಲ್ಲಿ. ನಿಮ್ಮ ಬೀದಿಯ ನಾಲ್ಕೈದು ಜನ, ಹೆಂಗಸರೂ ಸೇರಿ, ಮೊದಲೇ ಮಾತಾಡಿಕೊಂಡು ಹೋಗಿ. ಒಬ್ಬರು ಮಂಡಿಸಿ, ಇನ್ನೊಬ್ಬರು ಅನುಮೋದಿಸಿ. ಬೇರೆ ಬೀದಿಯವರ ಬೇಡಿಕೆ ಬಂದಾಗ ಬಾಯಿ ಹಾಕಬೇಡಿ, ನಿಮ್ಮದಕ್ಕೆ ಅವರು ಕೈ ಎತ್ತಬೇಕು. ಎದ್ದು ಬರುವ ಮುಂಚೆ ಬರೆದದ್ದನ್ನು ಓದಿ ಹೇಳಲು ಕೇಳಿ. ಕೇಳಿದರೆ ಓದುತ್ತಾರೆ, ಕೇಳುವವರು ಕಡಿಮೆ.

ಭದ್ರೆಯ ನೀರಿನ ವಿಷಯಕ್ಕೆ ಬಂದರೆ

ಮೂರೂ ಬಗೆಯ ಮಾತು ಒಂದರೊಳಗೊಂದು ಹೆಣೆದುಕೊಂಡ ವಿಷಯ ನಮ್ಮ ಮೂರೂ ತಾಲ್ಲೂಕುಗಳಲ್ಲಿ ನೀರು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ ಭದ್ರೆಗೆ 17.40 ಟಿಎಂಸಿ, ಭದ್ರೆಯಿಂದ ಮೇಲಕ್ಕೆ 29.90 ಟಿಎಂಸಿ ಎತ್ತುವ ಲೆಕ್ಕ. ತರೀಕೆರೆ ಕಡೆಯಿಂದ ಬಂದ ನೀರು ಅಜ್ಜಂಪುರದ ಬಳಿ ಸುರಂಗ ಹೊಕ್ಕು ಚಿತ್ರದುರ್ಗದ ಕಡೆ ಹೋಗುತ್ತದೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಅದು ನೀರುಣಿಸಬೇಕು. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದದ್ದೂ ಇದಕ್ಕೇ. ಇತ್ತ 2025ರಲ್ಲಿ ಭದ್ರಾ ಬಲದಂಡೆ ನಾಲೆಯಿಂದ ತರೀಕೆರೆ, ಹೊಸದುರ್ಗದ ಕಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿಯ ವಿರುದ್ಧ ದಾವಣಗೆರೆ ಕಡೆಯ ಅಚ್ಚುಕಟ್ಟು ರೈತರು ಬೀದಿಗಿಳಿದರು.

ಈ ವಿಷಯ ಹೋಟೆಲಿನ ಬೆಂಚಿನ ಮೇಲೆ ಬಂದರೆ ಐದು ನಿಮಿಷದಲ್ಲಿ ‘ಅವರು ನಮ್ಮ ನೀರು ಕದೀತಾರೆ’, ‘ನಮಗೆ ಕುಡಿಯೋಕೂ ಕೊಡಬಾರ್ದಾ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆದರೆ ಅದರಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಸಿಕ್ಕಿಕೊಂಡಿವೆ. ನಾಲೆಯಿಂದ ಇಷ್ಟು ತೆಗೆದರೆ ಕೊನೆಯ ಭಾಗದ ಗದ್ದೆಗೆ ಎಷ್ಟು ಕಡಿಮೆಯಾಗುತ್ತದೆ? ಇದು ಬದುವಿನ ಹಾಗೆ ಅಳೆಯುವ ಸಂಗತಿ. ಎಂಜಿನಿಯರುಗಳ ಲೆಕ್ಕ ಎರಡೂ ಕಡೆಯವರ ಮುಂದೆ ಬರಬೇಕು. ಕುಡಿಯುವ ನೀರು, ಭತ್ತ, ಅಡಿಕೆ, ಯಾವುದಕ್ಕೆ ಮೊದಲು? ಇದು ವಾದ, ಸರ್ಕಾರ, ಸದನ, ಕೋರ್ಟು ತೀರ್ಮಾನಿಸಬೇಕು. ಬರದ ವರ್ಷ ಬಂದಾಗ ಸರದಿ ಹೇಗೆ? ಇದು ಎರಡೂ ಕಡೆಯ ರೈತರೇ ಕೂತು ಆಡಬೇಕಾದ ಮಾತುಕತೆ. ಕೊನೆಯದು ನಮ್ಮವರಿಗೆ ಹೊಸದೇನಲ್ಲ. ಕೆರೆಯ ಕೆಳಗಿನ ಬಯಲುಗಳಲ್ಲಿ ನೀರುಗಂಟಿ ತೂಬು ತೆಗೆಯುತ್ತಿದ್ದ ಕಾಲದಲ್ಲಿ ಇಂದು ಯಾರ ಗದ್ದೆ, ನಾಳೆ ಯಾರದು ಎಂಬುದು ಮಳೆ ಶುರುವಾಗುವ ಮುಂಚೆಯೇ ನಿಶ್ಚಯವಾಗಿರುತ್ತಿತ್ತು. ಜಗಳ ಆಗುತ್ತಲೇ ಇರಲಿಲ್ಲ ಎಂದಲ್ಲ. ಸರದಿ ತಪ್ಪಿದವರು ಯಾರೆಂದು ಎಲ್ಲರಿಗೂ ಗೊತ್ತಿರುತ್ತಿತ್ತು.

ಕೋರ್ಟಿಗೆ ಹೋದ ಮೇಲೂ

ದಾವೆ ಹಾಕಿದವರ ಬಗ್ಗೆ ‘ಗೆದ್ದವ ಸೋತ, ಸೋತವ ಸತ್ತ’ ಎನ್ನುವುದು ನಮ್ಮ ಗಾದೆ. ಹಾಗೆಂದು ಕೋರ್ಟಿಗೆ ಹೋಗಲೇಬಾರದೆಂದು ನಾನು ಹೇಳುವುದಿಲ್ಲ. ಎದುರಿನವರು ಬಲಾಢ್ಯರಾಗಿದ್ದು ಜಗಲಿಯ ಹಿರಿಯರೂ ಅವರ ಕಡೆಯೇ ಇದ್ದಾಗ ಬಡವರಿಗೆ, ಹೆಣ್ಣುಮಕ್ಕಳಿಗೆ ಉಳಿಯುವ ಮೂರನೆಯವರು ಕೋರ್ಟೊಂದೇ. ಅಂಥವರನ್ನು ‘ಮಾತಾಡಿ ಬಗೆಹರಿಸಿಕೊಳ್ಳಿ’ ಎಂದು ವಾಪಸ್ ಕಳಿಸುವುದು ಉಪದೇಶದ ವೇಷದ ಅನ್ಯಾಯ.

ಆದರೆ ಶುರುವಾದ ವಾದವನ್ನು ನಡುವೆ ಮಾತುಕತೆಗೆ ತಿರುಗಿಸಲು ಬಾಗಿಲಿದೆ. ತಾಲ್ಲೂಕು ನ್ಯಾಯಾಲಯಗಳ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ವರಮಾನ ಕಡಿಮೆ ಇರುವವರಿಗೆ ಅಲ್ಲಿ ವಕೀಲರ ನೆರವು ಉಚಿತ. ವರ್ಷದಲ್ಲಿ ಕೆಲವು ಬಾರಿ ನಡೆಯುವ ರಾಷ್ಟ್ರೀಯ ಲೋಕ ಅದಾಲತ್‌ಗೆ ನಡೆಯುತ್ತಿರುವ ಪಾಲಿನ ದಾವೆ, ಬದು ದಾರಿಯ ದಾವೆ, ಚೆಕ್ ಬೌನ್ಸ್ ಎಲ್ಲವನ್ನೂ ಒಯ್ಯಬಹುದು, ಇನ್ನೂ ದಾಖಲಾಗದ ತಕರಾರನ್ನೂ ಒಯ್ಯಬಹುದು. ಶುಲ್ಕವಿಲ್ಲ, ರಾಜಿಯಾದರೆ ಮೊದಲು ಕಟ್ಟಿದ್ದ ಕೋರ್ಟ್ ಫೀ ಸಹ ವಾಪಸ್ ಬರುತ್ತದೆ.

ಅಲ್ಲಿಗೆ ವಕೀಲರನ್ನಷ್ಟೇ ಕಳಿಸಬೇಡಿ, ಎರಡೂ ಕಡೆಯವರು ಖುದ್ದಾಗಿ ಹೋಗಿ. ಪಹಣಿ, ಹದ್ದುಬಸ್ತಿನ ನಕ್ಷೆ, ಪಾಲಿನ ವಿಷಯವಾದರೆ ವಂಶವೃಕ್ಷ ಜೊತೆಗಿರಲಿ. ವಂಶವೃಕ್ಷದಲ್ಲಿ ಹೆಸರಿರುವ ಅಕ್ಕತಂಗಿಯರೂ ಬಂದಿರಲಿ. ರಾಜಿ ಅರ್ಜಿಯಲ್ಲಿ ‘ಉಭಯತ್ರರು ಅನ್ಯೋನ್ಯವಾಗಿ ಹಂಚಿಕೊಂಡಿರುತ್ತೇವೆ’ ಎಂಬ ಒಂದು ಸಾಲಿಗೆ ತೃಪ್ತರಾಗದೆ ಸರ್ವೆ ನಂಬರು, ಗುಂಟೆ, ಚೆಕ್ಕುಬಂದಿ, ಬೋರ್‌ವೆಲ್‌ನ ಸರದಿ, ಸಾಲ ತೀರಿಸುವ ತಾರೀಕು ಎಲ್ಲವನ್ನೂ ಬರೆಸಿ. ಲೋಕ ಅದಾಲತ್‌ನ ತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ಓದು ಬಾರದ ಅಜ್ಜಿಯೂ ಕಕ್ಷಿದಾರಳಾಗಿದ್ದರೆ ಅವಳಿಗೆ ಅರ್ಥವಾಗುವ ಕನ್ನಡದಲ್ಲಿ ಪೂರ್ತಿ ಓದಿ ಹೇಳಲು ಕೇಳಿ, ಹೆಬ್ಬೆಟ್ಟು ಆಮೇಲೆ.